ಒನ್ ಬೈ ಟೂ, ಸಕ್ಕರೆ ಬಿಟ್ಟು

ಮಾವನ ಸಕ್ಕರೆ ಕಾಯಿಲೆ ಮೊದಲು ಗೊತ್ತಾದದ್ದು ಒಂದು ಪ್ಯಾಂಟಿನ ಹಿಂದಿನ ಜೇಬಿನಿಂದ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಮಡಕಶಿರದ ಕಡೆಯ ನಮ್ಮ ಹಳ್ಳಿಯಿಂದ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಬಂದ ಮೊದಲಿಗರಲ್ಲಿ ಅವನೂ ಒಬ್ಬ. ಅತ್ತೆ ಊರಿನಲ್ಲೇ ಅಜ್ಜಿಯ ಜೊತೆ ರೇಷ್ಮೆ ಹುಳ ನೋಡಿಕೊಂಡಿದ್ದಳು. ಪಿಯುಸಿ ಮುಗಿಸಿದ ಮೇಲೆ ನಾನೂ ಅವನ ಬೆನ್ನಿಗೆ ಬಿದ್ದು ಬಂದೆ. ಒಂದೇ ಕೋಣೆ, ಒಂದೇ ಒಲೆ, ಒಂದೇ ಯೂನಿಟ್ಟು. ಅವನು ಹಿಂದಿನ ಜೇಬು ಹಚ್ಚುತ್ತಿದ್ದ. ನಾನು ಚೆಕ್ಕಿಂಗ್ ಮೇಜಿನಲ್ಲಿ ಹೊಲಿದ ಪೀಸುಗಳನ್ನು ನೋಡಿ ಎಣಿಸುತ್ತಿದ್ದೆ. ಎಣಿಸುವುದು ನನ್ನ ಕೆಲಸವೂ ಹೌದು, ಚಟವೂ ಹೌದು. ದಿನಚರಿಯಲ್ಲಿ ಮೊದಲು ತಾರೀಕು, ಆಮೇಲೆ ಲೆಕ್ಕ, ಜಾಗ ಉಳಿದರೆ ಸುದ್ದಿ.

‘ಬರಕೋ ಅಳಿಯ, ಬರಕೋ,’ ಎಂದು ಮಾವ ಹಾಸಿಗೆಯಿಂದಲೇ ಹೇಳುತ್ತಿದ್ದ. ‘ಇವತ್ತು ನಾನು ಎಷ್ಟು ಸಲ ಕೆಮ್ಮಿದೆ ಅಂತಾನೂ ಬರಕೋ.’

ಹಿಂದಿನ ಜೇಬು ಸುಲಭದ್ದಲ್ಲ. ಅದರ ಕೆಳಗಿನ ಮೂಲೆಗಳಲ್ಲಿ ಮೆಷಿನ್ ಕೂದಲೆಳೆ ಆಚೆ ಈಚೆ ಆಗದೆ ನಿಲ್ಲಬೇಕು. ಸೂಜಿ ಬಟ್ಟೆಯೊಳಗೇ ಇರುವಾಗ ಬಟ್ಟೆ ತಿರುಗಿಸಿ ಮತ್ತೆ ಹೊರಡಬೇಕು. ನಿಲ್ಲಿಸುವುದೂ ಹೊರಡಿಸುವುದೂ ಬಲಗಾಲಿನ ಕೆಲಸ. ಮಾವನ ಬಲಗಾಲು ಈ ವಿಷಯದಲ್ಲಿ ಯೂನಿಟ್ಟಿನಲ್ಲೇ ಹೆಸರಾಗಿತ್ತು. ಅವನು ಹಚ್ಚಿದ ಜೇಬಿನ ಮೇಲೆ ಹಳದಿ ದಾರದ ಎರಡು ಸಾಲು ಜೋಡೆತ್ತಿನಂತೆ ಒಟ್ಟಿಗೇ ತಿರುಗುತ್ತಿದ್ದವು.

ಆ ವಾರ ಅವನ ಬಂಡಲ್ಲಿನಿಂದ ಪೀಸುಗಳು ವಾಪಸ್ಸು ಹೋಗತೊಡಗಿದವು. ವಾಪಸ್ಸು ಕಳಿಸಬೇಕಾದವನು ನಾನು. ಮೂಲೆಯಲ್ಲಿ ನಿಲ್ಲಬೇಕಾದ ಹೊಲಿಗೆ ನಿಲ್ಲದೆ ಕೆಳಗೆ ಇಳಿದುಹೋಗಿತ್ತು. ನಾನು ಬಾಯಿ ಬಿಡುವ ಮೊದಲೇ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಕಾಕಾ ಪ್ಯಾಂಟನ್ನು ಎತ್ತಿ ಹಿಡಿದರು.

‘ಮಾಸ್ಟ್ರ, ಇದು ಜೇಬೋ, ಜೇಬಿನ ಬಾಲಾನೋ? ಹೊಲಿಗಿ ಮೊಣಕಾಲು ನೋಡಾಕ ಹೊಂಟೈತಲ್ರಿ.’

ಕಾಕಾ ಬೆಳುಗುಪ್ಪದ ಕಡೆಯವರು, ಮಾವನಿಗಿಂತ ಹಿರಿಯರು. ಯೂನಿಟ್ಟಿನಲ್ಲಿ ಎಲ್ಲರಿಗೂ ಕಾಕಾ.

‘ಮೆಷಿನ್ ಕೆಟ್ಟೈತೆ ಕಾಕಾ,’ ಎಂದ ಮಾವ.

ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿ, ಎಣ್ಣೆ ಬಿಟ್ಟು, ಮೆಷಿನ್ನಿಗೆ ಏನೂ ಆಗಿಲ್ಲ ಎಂದು ಹೋದ. ಆ ಸಂಜೆ ಕೋಣೆಗೆ ನಡೆದು ಬರುವಾಗ ರೈಲ್ವೆ ಗೇಟು ದಾಟಿ ಸ್ವಲ್ಪ ದೂರ ಬಂದಿದ್ದೆವು. ಮಾವನ ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ.

‘ಮಾವ, ಇನ್ನೊಂದು ಚಪ್ಪಲಿ ಎಲ್ಲಿ?’

ಮಾವ ತನ್ನ ಪಾದವನ್ನು ಬೇರೆ ಯಾರದ್ದೋ ಪಾದದಂತೆ ಬಗ್ಗಿ ನೋಡಿದ. ಚಪ್ಪಲಿ ಹಳಿಯ ಪಕ್ಕದಲ್ಲೇ ಬಿದ್ದಿತ್ತು. ಅದು ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಡಾಕ್ಟರು ರಕ್ತ ನೋಡಿ, ಅಂಗಾಲಿಗೆ ಪಿನ್ನು ಚುಚ್ಚಿ ನೋಡಿ, ಸಕ್ಕರೆ ಬಹಳ ದಿನದಿಂದ ಒಳಗೊಳಗೇ ಕೂತಿದೆ ಎಂದರು. ಹೋದ ಸ್ಪರ್ಶ ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ, ಆದರೆ ಸಕ್ಕರೆ ಇಳಿಸಿದರೆ ಇರುವುದು ಉಳಿಯಬಹುದು, ಒಂದಷ್ಟು ಮರಳಲೂಬಹುದು ಎಂದರು. ಮಾತ್ರೆ ಬರೆದುಕೊಟ್ಟರು. ಅನ್ನ, ಮುದ್ದೆ, ರೊಟ್ಟಿ ಕಡಿಮೆ ಮಾಡಿ ಸೊಪ್ಪು, ತರಕಾರಿ, ಮೊಟ್ಟೆ ಹೆಚ್ಚು ಮಾಡಿ, ಆದರೆ ಮಾತ್ರೆ ನುಂಗಿ ಉಪವಾಸ ಮಾತ್ರ ಇರಬೇಡಿ ಎಂದರು.

ಸೂಪರ್‌ವೈಸರಿಗೆ ಸುದ್ದಿ ಮುಟ್ಟಿತು. ಆತ ಒಳ್ಳೆಯ ಮನುಷ್ಯ, ಅದಕ್ಕೇ ಮಾವನಿಗೆ ಇನ್ನಷ್ಟು ಕಷ್ಟವಾಯಿತು.

‘ಕಾಲಿಗೆ ಪೆಡಲ್ ಗೊತ್ತಾಗಂಗಿಲ್ಲ ಅಂದ್ರ ಮೆಷಿನ್ ಮ್ಯಾಲ ಬ್ಯಾಡ್ರಿ ಮಾಸ್ಟ್ರ. ನಾಳೆ ಸೂಜಿ ಬೆರಳಾಗ ಇಳಿದ್ರ ಯಾರಿಗೆ ಹೇಳೋಣ? ದಾರ ಕತ್ತರಿಸೋ ಕಡೆ ಕೂಡ್ರಿ. ದೊಡ್ಡ ಆರ್ಡರ್ ಬರೂತನಕ ನಿಮ್ಮ ಮೆಷಿನ್ ಹಂಗ ಇಟ್ಟಿರ್ತೀನಿ. ಅಷ್ಟರಾಗ ಸರಿ ಆದ್ರ ಬರ್ರಿ. ಇಲ್ಲಂದ್ರ ಬ್ಯಾರೆಯವರನ್ನ ಕೂಡಿಸ್ಬೇಕಾಗ್ತೈತಿ.’

ಮಾವ ತನ್ನ ಮೆಷಿನ್ನಿಗೆ ಒಂದು ಹಳೆಯ ಡೆನಿಮ್ ತುಂಡು ಹೊದಿಸಿ ಗಂಟು ಹಾಕಿ, ಜಗಲಿಗೆ ಹೋಗಿ, ಹೆಂಗಸರ ಸಾಲಿನ ಕೊನೆಯಲ್ಲಿ ಪುಟ್ಟ ಕತ್ತರಿ ಹಿಡಿದು ಕೂತ. ಹೊಲಿಗೆಯ ತುದಿಯಲ್ಲಿ ಇಣುಕುವ ದಾರಗಳನ್ನು ಕತ್ತರಿಸುವ ಕೆಲಸ. ಅಲ್ಲಿಂದ ಅವನ ಮೆಷಿನ್ ಕಾಣುತ್ತಿತ್ತು. ದಿನಕ್ಕೆ ಹಲವು ಸಲ ಅದರ ಗಂಟು ಸರಿಯಾಗಿದೆಯೇ ಎಂದು ಅವನು ತಲೆ ಎತ್ತಿ ನೋಡುವುದನ್ನು ನಾನು ಚೆಕ್ಕಿಂಗ್ ಮೇಜಿನಿಂದ ನೋಡುತ್ತಿದ್ದೆ.

ಹೀಗಾಗಿ ನಾನು ಮಾವನ ಊಟದ ಯಜಮಾನಿಕೆ ವಹಿಸಿಕೊಂಡೆ. ಫೋನಿನಲ್ಲಿ ಲೋ ಕಾರ್ಬ್, ಅಂದರೆ ಪಿಷ್ಟ ಕಡಿಮೆ ಇರುವ ಊಟ, ಎಂದು ಹುಡುಕಿ ಓದಿದೆ. ಓದಿದ ಮೊದಲ ರಾತ್ರಿಯೇ ರಾಗಿ ಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದೆ. ಮರುದಿನ ಮಾವನ ತಟ್ಟೆಗೆ ಎಲೆಕೋಸಿನ ಪಲ್ಯ, ಎರಡು ಬೇಯಿಸಿದ ಮೊಟ್ಟೆ, ಮೆಂತ್ಯ ಸೊಪ್ಪು, ಒಂದು ಹಿಡಿ ಹುರಿದ ಕಡ್ಲೇಕಾಯಿ ಬಡಿಸಿದೆ. ಮಾವ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದ.

‘ಎಲ್ಲಾ ಚೆನ್ನಾಗೈತೆ. ಊಟ ಎಲ್ಲಿ?’

‘ಇದೇ ಊಟ ಮಾವ.’

‘ಇದು ಪಲ್ಯ ಕಣ್ಲಾ. ಪಲ್ಯ ಅಂದ್ರೆ ನಂಟ್ರು ಇದ್ದಂಗೆ. ನಂಟ್ರೆಲ್ಲಾ ಬಂದು ಕೂತವ್ರೆ, ಮನೆಯೋರೇ ಇಲ್ವಲ್ಲಾ.’

ಮುದ್ದೆಗಿಂತ ಕಷ್ಟವಾದದ್ದು ಚಹಾ. ಮುದ್ದೆ ಕೋಣೆಯೊಳಗಿನ ವ್ಯವಹಾರ. ಚಹಾದಲ್ಲಿ ಕಾಕಾ ಪಾಲುದಾರರು.

ಯೂನಿಟ್ಟಿನ ಎದುರಿನ ಅಂಗಡಿಯಲ್ಲಿ ಮಾವ ಮತ್ತು ಕಾಕಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒನ್ ಬೈ ಟೂ ಚಹಾ ಕುಡಿಯುತ್ತಿದ್ದರು. ನಾನು ರಾಯದುರ್ಗಕ್ಕೆ ಬರುವ ಎಷ್ಟೋ ಮೊದಲಿನಿಂದ ನಡೆದುಬಂದ ಪದ್ಧತಿ. ಅದಕ್ಕೊಂದು ನ್ಯಾಯವೂ ಇತ್ತು: ಒಬ್ಬರು ಎರಡು ಲೋಟಕ್ಕೆ ಸುರಿಯಬೇಕು, ಇನ್ನೊಬ್ಬರು ಮೊದಲು ಲೋಟ ಆರಿಸಿಕೊಳ್ಳಬೇಕು. ಸುರಿದವರು ಆರಿಸುವಂತಿಲ್ಲ. ಹೀಗಾಗಿ ಇಬ್ಬರ ಕೈಯೂ ಅಕ್ಕಸಾಲಿಗರ ಕೈಯಷ್ಟು ಪಳಗಿತ್ತು. ಎರಡು ಲೋಟಗಳ ನಡುವೆ ಒಂದು ಹನಿ ವ್ಯತ್ಯಾಸ ಬಂದರೂ ಅರ್ಧ ದಿನ ಅದರ ಚರ್ಚೆ.

ಆದರೆ ಅಂಗಡಿಯ ಚಹಾದಲ್ಲಿ ಸಕ್ಕರೆ ಮೊದಲೇ ಕುದಿದಿರುತ್ತದೆ. ಸಕ್ಕರೆ ಇಲ್ಲದ ಚಹಾ ಬೇಕೆಂದಾಗ ಅಂಗಡಿಯ ಅಕ್ಕ ಮಾವನ ಮುಖವನ್ನೇ ನೋಡಿ, ‘ಚಕ್ಕೆರ ಲೇಕುಂಡಾ? ಎವರು ಚೆಪ್ಪಿನಾರು ಮಾಸ್ಟರೂ?’ ಎಂದು, ಸಕ್ಕರೆ ಬಿಡಿ ಎಂದವರು ಯಾರೆಂದು, ಯಾರೋ ಸತ್ತ ಸುದ್ದಿ ಕೇಳಿದವಳಂತೆ ತೆಲುಗಿನಲ್ಲಿ ವಿಚಾರಿಸಿದಳು. ಆಮೇಲೆ ಒಂದು ಪುಟ್ಟ ಪಾತ್ರೆಯಲ್ಲಿ ಬೇರೆ ಕುದಿಸಿ ಕೊಡಲು ಒಪ್ಪಿದಳು.

ಸಪ್ಪೆ ಚಹಾ ಮಾವನ ಗಂಟಲಿನಲ್ಲಿ ಇಳಿಯಲಿಲ್ಲ. ಆಗ ನಾನು ಮೆಡಿಕಲ್ ಸ್ಟೋರಿನಲ್ಲಿ ಸ್ಟೀವಿಯಾ ಪುಡಿಯ ಪುಟ್ಟ ಡಬ್ಬಿ ತಂದೆ. ಒಂದು ಗಿಡದ ಎಲೆಯಿಂದ ತೆಗೆದದ್ದು, ಸಕ್ಕರೆಗಿಂತ ನೂರಾರು ಪಟ್ಟು ಸಿಹಿ, ರಕ್ತದ ಸಕ್ಕರೆ ಏರಿಸುವುದಿಲ್ಲ ಎಂದು ಓದಿದ್ದನ್ನೆಲ್ಲ ಮಾವನಿಗೆ ಹೇಳಿದೆ. ಕೆಲವು ಪುಡಿಗಳಲ್ಲಿ ಬೇರೆ ಹಿಟ್ಟೋ ಸಕ್ಕರೆಯೋ ಬೆರೆಸಿ ತೂಕ ಹೆಚ್ಚಿಸಿರುತ್ತಾರೆಂದು ಓದಿ, ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೂ ಕಣ್ಣು ಕಿರಿದು ಮಾಡಿ ನೋಡಿ, ಬರೀ ಎಲೆಯ ಸಾರ ಇರುವುದನ್ನೇ ತಂದಿದ್ದೆ. ಇಷ್ಟೆಲ್ಲ ಎಚ್ಚರ ವಹಿಸಿದವನು ಒಂದು ಮಾತು ಹೇಳಲು ಮರೆತೆ. ಡಬ್ಬಿಯೊಳಗೆ ಎಳ್ಳುಕಾಳಿನಷ್ಟು ಪುಡಿ ಹಿಡಿಸುವ ಒಂದು ಚಮಚವಿತ್ತು.

ಮರುದಿನ ಬೆಳಿಗ್ಗೆ ಮಾವ ಅಂಗಡಿಯ ಸಕ್ಕರೆ ಚಮಚದಲ್ಲೇ ಎರಡು ಚಮಚ ಪುಡಿ ಹಾಕಿ, ಚೆನ್ನಾಗಿ ಕಲಕಿ, ಎರಡು ಲೋಟಕ್ಕೆ ಸಮನಾಗಿ ಸುರಿದ. ನ್ಯಾಯದ ಪ್ರಕಾರ ಕಾಕಾ ಮೊದಲು ಲೋಟ ಆರಿಸಿಕೊಂಡು ದೊಡ್ಡ ಗುಟುಕು ಎಳೆದರು. ರಸ್ತೆಯಲ್ಲಿ ಬಳ್ಳಾರಿ ಬಸ್ಸು ಬಂದು, ನಿಂತು, ಹೋಯಿತು.

‘ಮಾಸ್ಟ್ರ,’ ಎಂದರು ಕೊನೆಗೆ, ‘ಇದು ಸಿಹಿ ಏನ್ರಿ, ಸಿಹಿ ಸತ್ತ ಮ್ಯಾಲ ಬರೋ ಭೂತ ಏನ್ರಿ?’

ಮಾವನೂ ಕುಡಿದ. ಬೇವಿನ ಕಷಾಯವೂ ಇಷ್ಟು ಕಹಿ ಇರುವುದಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಅತಿ ಸಿಹಿಯನ್ನು ನಾಲಿಗೆ ಕಹಿ ಎಂದೇ ತಿಳಿಯುತ್ತದೆ ಎಂದು ನಾನು ವಿವರಿಸಲು ಹೋದೆ.

‘ಡಬ್ಬಿ ಒಳಗೆ ಚಮಚ ಇತ್ತಲ್ಲ ಮಾವ?’

‘ಅದಾ? ಗೊಂಬೆ ಆಟದ್ದು, ಫ್ರೀ ಕೊಟ್ಟವ್ರೆ ಅಂದ್ಕಂಡೆ. ಊರಿಗೆ ಹೋದಾಗ ಪಕ್ಕದ್ಮನೆ ಮಗೀಗೆ ಕೊಡಾನ ಅಂತ ಎತ್ತಿಟ್ಟಿವ್ನಿ.’

ಗೊಂಬೆ ಚಮಚ ಮರಳಿ ಬಂದ ಮೇಲೆ ಚಹಾ ಕುಡಿಯುವಂತಾಯಿತು. ಆದರೂ ಕಾಕಾ ಸಮಾಧಾನಗೊಳ್ಳಲಿಲ್ಲ. ಈ ಸಿಹಿ ತಡವಾಗಿ ಬಂದು ತಡವಾಗಿ ಹೋಗುತ್ತದೆ, ಕೊನೆಗೆ ಒಂದು ಹುಲ್ಲಿನ ವಾಸನೆ ಉಳಿಯುತ್ತದೆ ಎಂಬುದು ಅವರ ತಕರಾರು.

‘ಸಕ್ಕರಿ ಅಂದ್ರ ಮರ್ಯಾದಸ್ತ ಬೀಗರಿದ್ದಂಗ. ಹೊತ್ತಿಗೆ ಬರ್ತೈತಿ, ಉಣ್ತೈತಿ, ಹೋಗ್ತೈತಿ. ಇದು ಎಲ್ರೂ ಉಂಡು ಮಲಗಿದ ಮ್ಯಾಲ ಬಂದು, ಬೆಳಗಾದ್ರೂ ಎದ್ದು ಹೋಗಂಗಿಲ್ಲ.’

‘ಹಾಗಾದರೆ ನೀವು ಬೇರೆ ಚಹಾ ತಗೊಳ್ಳಿ ಕಾಕಾ,’ ಎಂದೆ ನಾನು. ಅದು ನನಗೆ ಸರಳವಾದ ಪರಿಹಾರವಾಗಿ ಕಂಡಿತ್ತು.

ಕಾಕಾ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

‘ಯಾಕ ತಮ್ಮಾ? ನಾನೇನು ತಪ್ಪು ಮಾಡೀನಿ? ಇಡೀ ಚಾ ಒಬ್ಬನ ಕುಡಿಯೋದು ಅಂದ್ರ ಒಂಟೆತ್ತಿನ ಬಂಡಿ ಹೊಡೆದಂಗ. ಹುಲ್ಲಿನ ಚಾ ಆದ್ರ ಹುಲ್ಲಿನ ಚಾ. ಬೈಯೋದಂತೂ ಬಿಡಂಗಿಲ್ಲ ನಾನು.’

ಬೈಯುವುದನ್ನು ಅವರು ನಿಜವಾಗಿಯೂ ಬಿಡಲಿಲ್ಲ.

ತಿಂಗಳ ಕೊನೆಯಲ್ಲಿ ಮತ್ತೆ ಡಾಕ್ಟರ ಹತ್ತಿರ ಹೋದೆವು. ನಾನು ದಿನಚರಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದೆ. ಅಷ್ಟೂ ದಿನ ಮಾವ ಬಿಟ್ಟ ಸಕ್ಕರೆಯ ಚಮಚಗಳನ್ನು ಕೂಡಿಸಿ, ಕೆಳಗೆ ಎರಡು ಗೆರೆ ಎಳೆದಿದ್ದೆ. ಡಾಕ್ಟರು ರಿಪೋರ್ಟ್ ನೋಡಿದರು. ಸಕ್ಕರೆ ಹೆಚ್ಚೇನೂ ಇಳಿದಿರಲಿಲ್ಲ.

‘ಸಕ್ಕರೆ ಬಿಟ್ಟಿದ್ದೀನಿ ಸಾರ್. ಒಂದು ಕಾಳು ಮುಟ್ಟಿಲ್ಲ,’ ಎಂದ ಮಾವ.

ನಾನು ಲೆಕ್ಕದ ಪುಟ ತೆರೆದು ಮುಂದಿಟ್ಟೆ. ಡಾಕ್ಟರು ಅದನ್ನು ಮರ್ಯಾದೆಯಿಂದ ಓದಿದರು.

‘ಬಿಟ್ಟಿದ್ದೆಲ್ಲ ಚೆನ್ನಾಗಿ ಬರೆದಿದ್ದೀಯ. ಹಿಡಿದಿದ್ದು ಏನು ಅಂತ ಬರೆದಿಲ್ವಲ್ಲಪ್ಪ.’

ಹಿಡಿದದ್ದು ಏನು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ವಾರದ ರಜೆಯಂದು, ಎಣಿಕೆಯ ಕೆಲಸದಿಂದ ಎಂದೂ ಹೋಗಲಾಗದಿದ್ದ ಸಂಜೆಯ ಚಹಾಕ್ಕೆ ನಾನೂ ಅವರಿಬ್ಬರ ಜೊತೆ ಅಂಗಡಿಗೆ ಹೋದೆ. ಚಹಾ ಬರುವ ಮೊದಲು ಮಂಡಕ್ಕಿ ಒಗ್ಗರಣೆಯ ಎರಡು ತಟ್ಟೆ ಬಂದವು, ಗೋಪುರದಂತೆ ಏರಿಸಿದ್ದು, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ. ಯಾರೂ ಹೇಳದೆಯೇ ಬಂದದ್ದು ನೋಡಿದರೆ ಅದು ದಿನವೂ ಬರುತ್ತಿತ್ತೆಂದು ಗೊತ್ತಾಯಿತು. ಮಾವ ಮುಷ್ಟಿ ಮುಷ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮನೆಯವರನ್ನು ಕಳೆದುಕೊಂಡವನಿಗೆ ದಾರಿಯಲ್ಲಿ ಮನೆಯವರೇ ಸಿಕ್ಕಂತಿತ್ತು ಅವನ ಮುಖ.

‘ಮಾವ, ಇದು ಅಕ್ಕಿ.’

‘ಅಕ್ಕಿ ಎಲ್ಲೈತ್ಲಾ? ಕೈಯಾಗೆ ಹಿಡಿ, ತೂಕಾನೇ ಇಲ್ಲ. ಗಾಳಿ ಕಣ್ಲಾ ಇದು.’

‘ಅಕ್ಕಿಯನ್ನೇ ಉಬ್ಬಿಸಿದ್ದು. ಬೇಯಿಸಿದರೂ ಅಕ್ಕಿ, ರುಬ್ಬಿದರೂ ಅಕ್ಕಿ, ಉಬ್ಬಿಸಿದರೂ ಅಕ್ಕಿ. ಒಳಗೆ ಹೋಗಿ ಸಕ್ಕರೆಯೇ ಆಗುತ್ತೆ.’

‘ಸಿಹೀನೇ ಇಲ್ವಲ್ಲ?’

‘ಸಿಹಿ ನಾಲಿಗೆಗೆ ಮಾವ. ರಕ್ತಕ್ಕೆ ಅದು ಬೇಕಿಲ್ಲ.’

ಕಾಕಾ ನಡುವೆ ಬಾಯಿ ಹಾಕಿದರು. ‘ಏ ತಮ್ಮಾ, ಮಂಡಕ್ಕಿ ತಿಂದ್ರ ಶುಗರ್ ಬರ್ತೈತಿ ಅಂದ್ರ ಈ ರಾಯದುರ್ಗದಾಗ ಉಳಿಯೋರು ಯಾರೋ? ಗುಡ್ಡದ ಮ್ಯಾಲಿನ ಕೋಟಿ ಒಂದ ಉಳೀಬೇಕು.’

ಮಾವ ಮಾತ್ರ ನಗಲಿಲ್ಲ. ರಸ್ತೆಯಾಚೆ ಯೂನಿಟ್ಟಿನ ಬಾಗಿಲಿಗೆ ಬೀಗವಿತ್ತು; ಒಳಗೆ ಅವನ ಮೆಷಿನ್ ಹೊದಿಕೆ ಹೊದ್ದು ಕೂತಿತ್ತು. ತಟ್ಟೆಯನ್ನು ನಿಧಾನವಾಗಿ ಕಾಕಾನ ಕಡೆ ಸರಿಸಿದ.

‘ಅಂಗಾದ್ರೆ ಅಳಿಯ, ನಾವು ನಾಲಿಗೆಗೆ ಟೋಪಿ ಹಾಕಿದ್ವಿ. ಹೊಟ್ಟೆಗೆ ಹಾಕಕ್ಕಾಗ್ಲಿಲ್ಲ ಅನ್ನು.’

ಅದೇ ವಾರ ಊರಿನಿಂದ ಅಜ್ಜಿಯ ಫೋನು ಬಂತು. ಹುಳ ನಾಲ್ಕನೇ ಜ್ವರ ಎದ್ದಿವೆ, ಸೊಪ್ಪು ಹಾಕಲು ಕೈ ಸಾಲದು, ಇಬ್ಬರೂ ಬನ್ನಿ ಎಂದಳು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಪೊರೆ ಕಳಚುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲಿನ ಹಸಿವು ಹಗಲು ರಾತ್ರಿ ನೋಡುವುದಿಲ್ಲ.

ಹೊರಡುವ ಮುನ್ನ ನರ್ಸರಿಯಲ್ಲಿ ಒಂದು ಸ್ಟೀವಿಯಾ ಸಸಿ ಸಿಕ್ಕಿತು. ಬೇಲಿ ಪಕ್ಕದಲ್ಲಿ ನೆಟ್ಟರೆ ಪುಡಿ ಕೊಳ್ಳುವ ಗೋಜೇ ಇಲ್ಲ ಎಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಎರಡು ಬಸ್ಸು ಬದಲಿಸಿ, ಮಡಿಲಲ್ಲಿ ಹಿಡಿದು ತಂದೆ.

ಅಜ್ಜಿ ಒಂದು ಎಲೆ ಅಗಿದು ನೋಡಿದಳು.

‘ಸಿಹಿ ಐತೆ,’ ಎಂದಳು, ಕಳ್ಳನನ್ನು ಹಿಡಿದ ದನಿಯಲ್ಲಿ. ‘ಎಲೆ ಅಂದ್ಮೇಲೆ ಸಿಹಿ ಇರಬಾರ್ದು ಕಣಪ್ಪ. ಇರು, ಕೇಳಾನ.’

ಯಾರನ್ನು ಕೇಳುವುದೆಂದು ನನಗೆ ಹೊಳೆಯಲಿಲ್ಲ. ಅಜ್ಜಿ ನಾಲ್ಕು ಹುಳ ಎತ್ತಿ ಒಂದು ಹಳೆಯ ಮೊರಕ್ಕೆ ಬಿಟ್ಟು, ಅವುಗಳ ಮುಂದೆ ಎರಡು ಸ್ಟೀವಿಯಾ ಎಲೆ ಇಟ್ಟಳು. ಹಿಪ್ಪುನೇರಳೆ ಬೆಳೆದು ಬದುಕಿದವಳಿಗೆ ಎಲೆಯ ವಿಷಯದಲ್ಲಿ ಹುಳವೇ ಹೈಕೋರ್ಟು. ಹುಳಗಳು ತಲೆ ಆಡಿಸಿದವು. ಒಂದು ಹುಳ ಎಲೆಯ ಮೇಲೆ ಹತ್ತಿ, ಆಚೆ ಇಳಿದು, ಮೊರದ ಅಂಚಿಗೆ ಹೋಯಿತು. ಮಿಕ್ಕವು ಅಷ್ಟೂ ತೊಂದರೆ ತೆಗೆದುಕೊಳ್ಳಲಿಲ್ಲ.

‘ನೋಡ್ದಾ? ಹುಳ ಮೂಸ್ಲಿಲ್ಲ,’ ಎಂದಳು ಅಜ್ಜಿ. ‘ಹುಳ ತಿನ್ನದ್ದನ್ನ ನನ್ ಮಗನಿಗೆ ತಿನ್ನಿಸ್ತಿದೀಯಲ್ಲೋ. ಯಾವ ಇಸ್ಕೂಲಲ್ಲಿ ಓದ್ದೆ?’

ನಿಜವಾದ ಯುದ್ಧ ನಡೆದದ್ದು ಊಟಕ್ಕೆ ಕೂತಾಗ. ಅಜ್ಜಿ ಕೇಳದೆಯೇ ಮಾವನ ತಟ್ಟೆಗೆ ಬಿಸಿ ಮುದ್ದೆ ಇಟ್ಟಳು. ಅವನು ಅದನ್ನು ಪಕ್ಕಕ್ಕೆ ಸರಿಸಿ ಸೊಪ್ಪಿನ ಸಾರನ್ನೇ ಕುಡಿಯತೊಡಗಿದ.

‘ಯಾಕ್ಲಾ, ನಿನ್ ಕೈಗೇನಾಗೈತೆ?’

‘ಕೈಗಲ್ಲ ಕಣವ್ವ, ಕಾಲ್ಗೆ.’

‘ಕಾಲ್ಗೂ ಮುದ್ದೆಗೂ ಏನ್ಲಾ ಸಂಬಂಧ? ಹುಟ್ಟಿದಾಗಿಂದ ಮುದ್ದೆ ಉಂಡಿರೋ ಕಾಲು ಇಲ್ಲೈತೆ, ನೋಡು.’ ಅಜ್ಜಿ ಸೀರೆ ಸ್ವಲ್ಪ ಎತ್ತಿ ಕಾಲು ತೋರಿಸಿದಳು. ಅತ್ತೆ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ನಾನು ಪಿಷ್ಟ, ರಕ್ತ, ನರ ಎಂದೆಲ್ಲ ಹೇಳಿದೆ. ಮೂರು ಊಟಗಳ ಕಾಲ ಹೇಳಿದೆ. ಮೂರು ಊಟಕ್ಕೂ ಮುದ್ದೆ ಬಂತು. ಅಜ್ಜಿಯ ದೃಷ್ಟಿಯಲ್ಲಿ ರಾಯದುರ್ಗದವರು ಅವಳ ಮಗನ ತಲೆ ಕೆಡಿಸಿದ್ದರು, ಅದರಲ್ಲಿ ನನ್ನ ಫೋನಿನ ಪಾಲೂ ಇತ್ತು. ಮಾವ ಸೋಲುವ ಹಂತಕ್ಕೆ ಬಂದಿದ್ದ. ಮುದ್ದೆಯ ಹಬೆ ಮುಖಕ್ಕೆ ಬಡಿದಾಗ ಅವನ ಬೆರಳು ತಾನಾಗಿಯೇ ಮಡಚುತ್ತಿತ್ತು.

ನಾಲ್ಕನೆಯ ಊಟಕ್ಕೆ ಅವನು ತಟ್ಟೆಯ ಮುಂದೆ ಕೂತು ಹುಳದ ಮನೆಯ ಕಡೆ ಕೈ ತೋರಿಸಿದ. ಅಲ್ಲಿ ಒಂದು ಬಿದಿರು ತಟ್ಟೆಯ ಹುಳಗಳು ಹಿಂದೆ ಬಿದ್ದಿದ್ದವು; ಅವು ಇನ್ನೂ ತಲೆ ಎತ್ತಿ ಜ್ವರದಲ್ಲೇ ಕೂತಿದ್ದವು.

‘ಅವ್ವ, ಆ ತಟ್ಟೆಗೆ ಯಾಕೆ ಸೊಪ್ಪು ಹಾಕಿಲ್ಲ?’

‘ಜ್ವರಕ್ಕೆ ಕೂತವೆ ಕಣ್ಲಾ. ಮರ್ತೋಯ್ತಾ ನಿಂಗೆ? ಈಗ ಸೊಪ್ಪು ಹಾಕಿದ್ರೆ ಹುಳ ಕೆಡ್ತವೆ.’

‘ಅವಕ್ಕೆ ಹಸಿವಾಗಲ್ವಾ?’

‘ಆದ್ರೂ ಹಾಕಬಾರ್ದು. ಎದ್ದ ಮೇಲೇ.’

‘ನಾನೂ ಜ್ವರಕ್ಕೆ ಕೂತಿವ್ನಿ ಕಣವ್ವ.’

ಅಜ್ಜಿ ಅವನ ಮುಖ ನೋಡಿದಳು, ಹೊಸ್ತಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿಗಳನ್ನು ನೋಡಿದಳು. ಬಲಗಾಲಿನದಕ್ಕೆ ಕಳಚದಂತೆ ಹಿಂದೆ ಒಂದು ಡೆನಿಮ್ ಪಟ್ಟಿ ಹೊಲಿದಿದ್ದ. ಆಮೇಲೆ ಅವಳು ಮುದ್ದೆಯನ್ನು ತಟ್ಟೆಯಿಂದ ಎತ್ತಿ ನನ್ನ ತಟ್ಟೆಗೆ ಹಾಕಿದಳು.

‘ಯಾವಾಗ ಏಳ್ತೀಯ?’

‘ಪೆಡಲ್ ಮೇಲೆ ಕಾಲಿಟ್ರೆ ಪೆಡಲ್ ಗೊತ್ತಾಗ್ಬೇಕು. ಆವಾಗ.’

ಅಲ್ಲಿಂದ ಮುಂದೆ ಅಜ್ಜಿಯನ್ನು ಹಿಡಿಯುವವರೇ ಇರಲಿಲ್ಲ. ಪಕ್ಕದ ಮನೆಯವರು ಒಬ್ಬಟ್ಟು ತಂದರೆ ಬಾಗಿಲಲ್ಲೇ ನಿಲ್ಲಿಸಿ, ‘ಅವ್ನು ಜ್ವರಕ್ಕೆ ಕೂತವ್ನೆ, ಏನೂ ಹಾಕಬ್ಯಾಡ್ರಿ,’ ಎನ್ನುತ್ತಿದ್ದಳು. ಅತ್ತೆ ಮರೆತು ಅವನ ತಟ್ಟೆಗೆ ಒಂದು ಸೌಟು ಅನ್ನ ಹಾಕಿದಾಗ, ಹುಳಕ್ಕೆ ಒದ್ದೆ ಸೊಪ್ಪು ಹಾಕಿದವರನ್ನು ಬೈಯುವಂತೆಯೇ ಬೈದಳು. ಮಾತ್ರೆಯ ಹೊತ್ತಿಗೆ ಮೊಟ್ಟೆ, ಕಾಳು, ಹಸಿ ಕಡ್ಲೇಕಾಯಿ ಬೇಯಿಸಿದ್ದು ಮುಂದೆ ಬಂದಿರುತ್ತಿತ್ತು. ನನ್ನ ಫೋನು ಒಂದು ತಿಂಗಳಲ್ಲಿ ಮಾಡದ್ದನ್ನು ಅವಳು ಮೂರು ದಿನದಲ್ಲಿ ಮಾಡಿದಳು. ಹೊರಡುವಾಗ ಒಂದು ಚೀಲ ಕಡ್ಲೇಕಾಯಿ ಕೊಟ್ಟಳು. ಸ್ಟೀವಿಯಾ ಸಸಿಯನ್ನು ಬೇಲಿಯ ಹೊರಗೆ ನೆಟ್ಟಳು, ಒಳಗಲ್ಲ.

ರಾಯದುರ್ಗಕ್ಕೆ ಮರಳಿದ ಮೇಲೆ ಅಜ್ಜಿ ಆಗಾಗ ಫೋನ್ ಮಾಡುತ್ತಿದ್ದಳು. ಮಾವನಿಗಲ್ಲ, ನನಗೆ. ಒಂದೇ ಪ್ರಶ್ನೆ.

‘ಎದ್ನಾ?’

‘ಇನ್ನೂ ಇಲ್ಲ ಅಜ್ಜಿ.’

‘ಸರಿ. ಹಾಕಬ್ಯಾಡ.’ ಫೋನು ಇಟ್ಟುಬಿಡುತ್ತಿದ್ದಳು.

ಮಂಡಕ್ಕಿ ತಟ್ಟೆ ಎರಡರಿಂದ ಒಂದಕ್ಕೆ ಇಳಿಯಿತು. ಆ ಒಂದು ಕಾಕಾನದು. ಮಾವ ಜೇಬಿನಿಂದ ಕಡ್ಲೇಕಾಯಿ ತೆಗೆದು ತಿನ್ನುತ್ತಿದ್ದ. ಕಾಕಾ ಅದನ್ನು ಶೇಂಗಾ ಎಂದು ಕರೆದು, ಅರ್ಧ ತಾವೇ ತಿನ್ನುತ್ತಿದ್ದರು. ಚಹಾದಲ್ಲಿ ಮಾತ್ರ ಒಂದು ಸಂಗತಿ ಕಾಕಾಗೆ ತಿಳಿಯದಂತೆ ನಡೆಯುತ್ತಿತ್ತು. ಮೊದಲು ಗೊಂಬೆ ಚಮಚ ತುಂಬ ಹಾಕುತ್ತಿದ್ದ ಮಾವ ಮುಕ್ಕಾಲಿಗೆ ಇಳಿದ, ಆಮೇಲೆ ಅರ್ಧಕ್ಕೆ, ಆಮೇಲೆ ಚಮಚದ ತುದಿಗೆ. ಸಿಹಿಯೇ ಬೇಡವೆನ್ನಿಸತೊಡಗಿದೆ, ಹಾಲಿನಲ್ಲೇ ಸಾಕಷ್ಟು ಸಿಹಿ ಇದೆಯಲ್ಲ ಎಂದ. ಅದು ನಿಜವೋ, ಹುಳ ಮೂಸದ್ದು ತನಗೇಕೆ ಎಂಬ ಸ್ವಾಭಿಮಾನವೋ, ಹೇಳಲಾರೆ. ಒಂದು ಬೆಳಿಗ್ಗೆ ಅವನು ಡಬ್ಬಿ ತೆರೆದು, ಖಾಲಿ ಚಮಚವನ್ನು ಚಹಾದಲ್ಲಿ ಕಲಕಿ, ಎರಡು ಲೋಟಕ್ಕೆ ಸುರಿದ. ಕಾಕಾ ಆರಿಸಿಕೊಂಡರು, ಗುಟುಕರಿಸಿದರು, ಮುಖ ಕಿವುಚಿದರು.

‘ಹುಲ್ಲು, ಹುಲ್ಲು. ದನದ ಕೊಟ್ಟಿಗ್ಯಾಗ ಕುಂತು ಕುಡಿದಂಗ ಆಗ್ತೈತಿ.’

ಮಾವ ನನ್ನ ಕಡೆ ನೋಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ. ಕೋಣೆಗೆ ಬಂದ ಮೇಲೆ, ‘ಹೇಳ್ಬೇಡ ಕಣ್ಲಾ. ಬೈಯಾಕೆ ಏನಾರ ಬೇಕಲ್ಲ ಪಾಪ,’ ಎಂದ. ಡಬ್ಬಿ ಮಾತ್ರ ದಿನವೂ ಅಂಗಡಿಗೆ ಹೋಗಿ ಬರುತ್ತಿತ್ತು.

ದೊಡ್ಡ ಆರ್ಡರು ಬರುವ ಸುದ್ದಿ ಯೂನಿಟ್ಟಿನಲ್ಲಿ ಹಬ್ಬಿದ ವಾರ ಡಾಕ್ಟರು ಮತ್ತೆ ರಕ್ತ ನೋಡಿದರು. ಈ ಸಲ ಮುಖ ಸಡಿಲವಾಯಿತು. ಸಕ್ಕರೆ ಚೆನ್ನಾಗಿ ಇಳಿದಿದೆ, ಮಾತ್ರೆ ಮುಂದುವರಿಸಿ, ಊಟವೂ ಹೀಗೇ ಇರಲಿ ಎಂದರು. ಅಂಗಾಲಿಗೆ ಪಿನ್ನು ಚುಚ್ಚಿದಾಗ ಮಾವ ಹಿಮ್ಮಡಿಯಲ್ಲಿ, ಪಾದದ ಹೊರ ಅಂಚಿನಲ್ಲಿ ‘ಹೂಂ’ ಎಂದ. ಹೆಬ್ಬೆರಳಿನ ಕಡೆ ಸುಮ್ಮನಿದ್ದ. ಅದು ಬರಬಹುದು, ಬರದಿರಲೂಬಹುದು ಎಂದರು ಡಾಕ್ಟರು.

ಮರುದಿನ ಮಾವ ಸೂಪರ್‌ವೈಸರ ಮುಂದೆ ನಿಂತ. ಅವರು ಒಂದು ಹಳೆಯ ಪೀಸು ಕೊಟ್ಟು, ಇದಕ್ಕೆ ಜೇಬು ಹಚ್ಚಿ ತೋರಿಸಿ ಎಂದರು. ಮಾವ ಗಂಟು ಬಿಚ್ಚಿ ಡೆನಿಮ್ ತುಂಡನ್ನು ಮಡಚಿ ಪಕ್ಕಕ್ಕಿಟ್ಟ. ಚಪ್ಪಲಿ ಕಳಚಿ ಬರಿಗಾಲನ್ನು ಪೆಡಲ್ ಮೇಲೆ ಇಟ್ಟ. ಮುಂಗಾಲನ್ನು ಬಿಟ್ಟು, ಹಿಮ್ಮಡಿಯ ಕಡೆ ಭಾರ ಹಾಕಿ ಎರಡು ಮೂರು ಸಲ ಸುಮ್ಮನೆ ಒತ್ತಿ ನೋಡಿದ. ಜಗಲಿಯ ಹೆಂಗಸರ ಕತ್ತರಿಗಳು ನಿಂತವು. ಕಾಕಾ ಇಸ್ತ್ರಿಯನ್ನು ಎತ್ತಿ ಹಿಡಿದಿದ್ದರು, ಇಳಿಸಲಿಲ್ಲ.

ಮೊದಲ ಮೂಲೆಯಲ್ಲಿ ಹೊಲಿಗೆ ಒಂದು ಎಳೆ ಮುಂದೆ ಹೋಯಿತು. ಮಾವ ನಿಲ್ಲಿಸಿ, ಬಿಚ್ಚಿ, ಮತ್ತೆ ಶುರು ಮಾಡಿದ. ಈ ಸಲ ಮೆಷಿನ್ ಮೂಲೆಯಲ್ಲೇ ನಿಂತಿತು. ತಿರುಗಿಸಿದ. ಕೆಳಗಿನ ತುದಿಯಲ್ಲಿ ನಿಂತಿತು. ತಿರುಗಿಸಿದ. ಎರಡನೆಯ ಸಾಲು ಮೊದಲನೆಯದರ ಪಕ್ಕದಲ್ಲೇ ಹೋಯಿತು. ಮೊದಲಿನ ವೇಗವಿರಲಿಲ್ಲ, ಎತ್ತುಗಳಿಗೆ ವಯಸ್ಸಾಗಿತ್ತು, ಆದರೆ ಜೋಡಿ ಕೆಟ್ಟಿರಲಿಲ್ಲ.

ಸೂಪರ್‌ವೈಸರು ಪೀಸನ್ನು ಬೆಳಕಿಗೆ ಹಿಡಿದು ನೋಡಿ ಕಾಕಾಗೆ ಕೊಟ್ಟರು. ಕಾಕಾ ಅದರ ಮೇಲೆ ಇಸ್ತ್ರಿ ಎಳೆದು, ಮೂಲೆಗೆ ಉಗುರು ಹಾಯಿಸಿ, ‘ಬಾಲ ಉದುರೈತಿ,’ ಎಂದರು.

‘ನಿಧಾನಕ್ಕ ಮಾಡ್ರಿ ಮಾಸ್ಟ್ರ. ಮೊದಲ ವಾರ ಅರ್ಧ ಬಂಡಲ್ ಸಾಕು,’ ಎಂದು ಸೂಪರ್‌ವೈಸರು ಹೋದರು.

ನಾನು ಹೊರಗೆ ಹೋಗಿ ಅಜ್ಜಿಗೆ ಫೋನ್ ಮಾಡಿದೆ.

‘ಎದ್ದ ಅಜ್ಜಿ.’

‘ಎದ್ದ ಹುಳಕ್ಕೆ ಒಂದೇ ಸಲಕ್ಕೆ ಜಾಸ್ತಿ ಸೊಪ್ಪು ಹಾಕಬಾರ್ದು,’ ಎಂದಳು. ‘ಅವ್ನಿಗೂ ಹೇಳು.’

ಸಂಜೆ ಅಂಗಡಿಯಲ್ಲಿ ಮಾವ ಡಬ್ಬಿ ತೆಗೆದು, ಖಾಲಿ ಚಮಚ ಕಲಕಿ, ಎರಡು ಲೋಟಕ್ಕೆ ಹನಿ ತಪ್ಪದಂತೆ ಸುರಿದ. ಕಾಕಾ ಬಗ್ಗಿ ಎರಡನ್ನೂ ಅಳೆದು ನೋಡಿ, ಎಡಗಡೆಯದನ್ನು ಎತ್ತಿಕೊಂಡು ಕುಡಿದರು.

‘ಮಾಸ್ಟ್ರ, ಖುಷಿಯಾಗೈತಿ ಅಂತ ಇವತ್ತು ಹುಲ್ಲು ಒಂದಿಷ್ಟು ಜಾಸ್ತೀನ ಹಾಕೀರಿ ನೋಡ್ರಿ.’

‘ಹೌದು ಕಾಕಾ,’ ಎಂದ ಮಾವ, ‘ನಾಳಿಂದ ಕಮ್ಮಿ ಮಾಡ್ತೀನಿ.’